ಐದು ಚುಕ್ಕೆಗಳ ಗೆರೆ

ಉಜಿರೆಯ ಕಾಲೇಜೊಂದರಲ್ಲಿ ಗಣಿತಕ್ಕೆ ಜನ ಬೇಕೆಂದು ತಿಳಿದು ಮಾದರಿ ಪಾಠ ಮಾಡಲು ಹೋಗಿದ್ದೆ. ನರಿಕೊಂಬಿನ ಮನೆಯ ಜಗಲಿಯಲ್ಲಿ ಏಳು ವರ್ಷ ಟ್ಯೂಷನ್ ಹೇಳಿ ಸಾಕಾಗಿತ್ತು. ಈ ಕೆಲಸ ನನಗೆ ಬೇಕೇ ಬೇಕಿತ್ತು.

ಬೋರ್ಡಿನಲ್ಲಿ ಹನ್ನೆರಡು ಚುಕ್ಕೆ ಹಾಕಿದೆ, ಅವುಗಳಲ್ಲಿ ಐದು ಮಾತ್ರ ಒಂದೇ ಸಾಲಿನಲ್ಲಿ, ಗೆರೆ ಎಳೆದು. ಎಷ್ಟು ತ್ರಿಕೋನ? ಹನ್ನೆರಡರಲ್ಲಿ ಮೂರನ್ನು ಆರಿಸುವ ಬಗೆ ಇನ್ನೂರ ಇಪ್ಪತ್ತು. ಮೂರನ್ನೂ ಸಾಲಿನ ಐದರಿಂದಲೇ ಆರಿಸಿದರೆ ತ್ರಿಕೋನವಾಗದು, ಆ ಹತ್ತನ್ನು ಕಳೆದೆ. ಇನ್ನೂರ ಹತ್ತು. ಅಲ್ಲಿಯವರೆಗೆ ಸರಿಯೇ. ಮುಂದಿನ ಪ್ರಶ್ನೆ, ಎಷ್ಟು ಸರಳರೇಖೆ? ಎರಡೆರಡಾಗಿ ಆರಿಸಿದರೆ ಅರವತ್ತಾರು. ಇಲ್ಲಿ ನನಗೆ ಜಾಣತನ ಉಕ್ಕಿತು.

"ಮನೆ ಮನೆಗೆ ಮದುವೆಗೆ ಕರೆಯಲು ಹೇಳಿಕೆಗೆ ಹೋಗ್ತೇವಲ್ಲ? ಒಂದೇ ಮನೆಯ ಐದು ಅಣ್ಣತಮ್ಮಂದಿರು ತಮ್ಮೊಳಗೆ ಹೇಳಿಕೆ ಕೊಡುವುದು ಉಂಟಾ? ಇಲ್ಲ. ಅವರೊಳಗಿನ ಹತ್ತು ಜೋಡಿಯನ್ನೂ ಬಿಡುವ," ಎಂದು ಐವತ್ತಾರು ಬರೆದೆ. ಮಕ್ಕಳು ನಕ್ಕರು.

ಮೊದಲ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಟೀಚರ್, ಆ ಐದು ಚುಕ್ಕೆಯ ಗೆರೆ ಬೋರ್ಡಿನಲ್ಲಿ ಕಾಣ್ತಾ ಉಂಟಲ್ಲ? ಅದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡವಾ?"

ಬೋರ್ಡ್ ನೋಡಿದೆ. ಗೆರೆ ಇತ್ತು. ಕಳೆದದ್ದೂ ಸರಿ ಅನಿಸಿತು, ಅವಳು ಹೇಳಿದ್ದೂ ಸರಿ ಅನಿಸಿತು. ತಲೆಯೊಳಗೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು. ನನ್ನ ಪಾಠ ಅಳೆಯಲು ಹಿಂದೆ ಕೂತಿದ್ದ ಪ್ರಾಂಶುಪಾಲರು ಇತಿಹಾಸದವರು, ಪಕ್ಕದವರು ಕನ್ನಡದವರು. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ತ್ರಿಕೋನಕ್ಕೆ ಕಳೆದ ಹಾಗೆಯೇ ಇದು. ಕೂತುಕೋ," ಎಂದೆ, ಸ್ವಲ್ಪ ಗಡುಸಾಗಿಯೇ. ಅವಳು ಕೂತಳು.

ಬಸ್ಸಿನಲ್ಲಿ ಬರುವಾಗ ನಾಲ್ಕೇ ಚುಕ್ಕೆ ಹಾಕಿ, ಮೂರನ್ನು ಒಂದೇ ಸಾಲಿನಲ್ಲಿಟ್ಟು ನೋಡಿದೆ. ಆರು ಜೋಡಿಯಲ್ಲಿ ಮೂರು ಕಳೆದರೆ ನನ್ನ ಲೆಕ್ಕಕ್ಕೆ ಮೂರು ಗೆರೆ, ಕಣ್ಣಿಗೆ ನಾಲ್ಕು. ಪುಂಜಾಲಕಟ್ಟೆ ದಾಟಿದರೂ ಯಾಕೆಂದು ತಿಳಿಯಲಿಲ್ಲ. ಬಿ.ಸಿ.ರೋಡಿನಲ್ಲಿ ಇಳಿಯುವಾಗ ಹೊಳೆಯಿತು. ಒಂದೇ ಸಾಲಿನ ಚುಕ್ಕೆಗಳು ತ್ರಿಕೋನ ಕೊಡುವುದೇ ಇಲ್ಲ, ಆದರೆ ಗೆರೆ ಕೊಡುತ್ತವೆ, ಒಂದೇ ಒಂದು. ಹತ್ತು ಕಳೆದು ಒಂದು ಕೂಡಬೇಕಿತ್ತು. ನಾಚಿಕೆಯಾಯಿತು. ಅಷ್ಟರಲ್ಲಿ ಕಾಲೇಜಿನಿಂದ ಫೋನ್ ಬಂತು, ಸೋಮವಾರದಿಂದ ಬನ್ನಿ ಎಂದು. ಸಂತೋಷಪಡಬೇಕೋ ಬೇಡವೋ ಗೊತ್ತಾಗದೆ "ಆಯಿತು ಸರ್, ಬರ್ತೇನೆ," ಎಂದೆ.

ಸೋಮವಾರ ಅದೇ ತರಗತಿಗೆ ಹೋಗಿ, ತಪ್ಪು ನನ್ನದೆಂದು ಹೇಳಿ ಐವತ್ತೇಳು ಬರೆದೆ. ಶಹಭಾಸ್ ಹೇಳಲೆಂದು ಆ ಹುಡುಗಿಯನ್ನು ಎಬ್ಬಿಸಿದೆ.

"ನಾನು ಐವತ್ತೇಳು ಅಂತಲೇ ಬರೆದಿದ್ದೆ ಟೀಚರ್," ಎಂದಳು. "ನೀವು ಅಲ್ಲ ಅಂದ ಮೇಲೆ ಅಳಿಸಿದೆ. ನಿಮಗೆ ಆಗ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎಂದು ಹೇಳಲು ಕೆಲಸ ಸಿಗುವವರೆಗೆ ಕಾದಿದ್ದೆ. ಅದನ್ನು ಅವಳಿಗೆ ಹೇಗೆ ಹೇಳುವುದೆಂದು ನನಗೆ ಇನ್ನೂ ತಿಳಿದಿಲ್ಲ.