ಗಿಡ್ಡ ಗೆರೆಗೆ ಹೆದರುವವರ ನಡುವೆ ಪ್ರಿಂಟರಕ್ಕ

ಸೂರ್ಯ ಇನ್ನೂ ಮುಖ ತೊಳೆದಿರುವುದಿಲ್ಲ. ಪ್ರಿಂಟರಕ್ಕ ಆಗಲೇ ಆರು ಮಂದಿಯ ಜೇಬು ಹೊರಳಿಸಿ ನೋಡಿ ಆಗಿರುತ್ತದೆ. ಕನ್ನಡಕದ ಅಂಗಡಿಯ ಮೇಲೆ ಮೂರನೇ ಮಹಡಿ, ಕಿಟಕಿಯಿಲ್ಲದ ಕೋಣೆ, ಹನ್ನೆರಡು ಕಂಪ್ಯೂಟರು. ಲಿಫ್ಟ್ ಇದೆ, ಅದಕ್ಕೆ ತೂಗುಹಾಕಿದ 'ದುರಸ್ತಿಯಲ್ಲಿದೆ' ಬೋರ್ಡು ಲಿಫ್ಟಿಗಿಂತ ಹತ್ತು ವರ್ಷ ಹಿರಿಯದು. ಏದುಸಿರು ಬಿಡುತ್ತ ಬಂದವರನ್ನು ಅಕ್ಕ ಸಾಲಾಗಿ ನಿಲ್ಲಿಸುತ್ತಾರೆ. "ಗಡಿಯಾರ ಬಿಚ್ಚಿ. ತೋಳು ಮಡಚಿ. ಕನ್ನಡಕ ಕೊಡಿ, ನೋಡಿ ವಾಪಸ್ ಕೊಡ್ತೀನಿ. ಕಿವಿ ತೋರಿಸಿ." ಕಿವಿಯ ಡಾಕ್ಟರೂ ಕಿವಿಯನ್ನು ಇಷ್ಟು ಶ್ರದ್ಧೆಯಿಂದ ನೋಡಿದ ದಾಖಲೆಯಿಲ್ಲ.

ಕಂಪ್ಯೂಟರ್ ಜಾಲ ಕಟ್ಟುವವರು, ಸರ್ವರ್ ಕಾಯುವವರು, ಕಳ್ಳರಿಂದ ದತ್ತಾಂಶ ಕಾಪಾಡುವವರು ತಮಗೆ ಕೆಲಸ ಗೊತ್ತು ಎಂದು ತೋರಿಸುವ ಸರ್ಟಿಫಿಕೇಟಿಗಾಗಿ ಪರೀಕ್ಷೆ ಬರೆಯುವ ಜಾಗ ಇದು. ಕೊನೆಯ ಪ್ರಶ್ನೆ ಮುಗಿದ ಮೇಲೆ ಪರದೆ ಪಾಸು-ಫೇಲು ಹೇಳುವುದಿಲ್ಲ. ಹೊರಗೆ ಹೋಗಿ ಹಾಳೆ ಪಡೆಯಿರಿ ಅನ್ನುತ್ತದೆ. ಹೊರಗೆ ಮೇಜು, ಮೇಜಿನ ಮೇಲೆ ಪ್ರಿಂಟರ್, ಪ್ರಿಂಟರಿನ ಪಕ್ಕದಲ್ಲಿ ಐವತ್ತೆರಡು ವರ್ಷದ ಈ ಅಕ್ಕ. ದಿನಕ್ಕೆ ಮೂವತ್ತು ಹಾಳೆ, ಹದಿನೇಳು ವರ್ಷ. ಒಂದೂವರೆ ಲಕ್ಷದ ಹತ್ತಿರ ಹಾಳೆಗಳು ಈ ಎರಡು ಕೈಗಳಿಂದ ದಾಟಿವೆ. ಒಂದರ ಮೇಲೊಂದು ಇಟ್ಟರೆ ಈ ಕಟ್ಟಡಕ್ಕಿಂತ ಎತ್ತರ ಆಗುತ್ತದೆ, ಬೇಕಿದ್ದವರು ಅಳೆಯಬಹುದು.

ಹಾಳೆಯನ್ನು ಅಕ್ಕ ಯಾವಾಗಲೂ ಬೋರಲು ಹಾಕಿಯೇ ಕೊಡುತ್ತಾರೆ. ಅಕ್ಕನ ಮುಖವೋ ಸುಣ್ಣ ಬಳಿದ ಗೋಡೆ. "ಇವರ ಮುಖ ನೋಡಿ ಪಾಸಾ ಫೇಲಾ ಅಂತ ಯಾರಾದ್ರೂ ಹೇಳಿಬಿಟ್ರೆ ಮೀಸೆ ಬೋಳಿಸ್ತೀನಿ," ಎನ್ನುತ್ತಾರೆ ಬಾಗಿಲು ಕಾಯುವವರು, ಎಲ್ಲರ ಬಾಯಲ್ಲಿ ಮಾವ. ಮೀಸೆ ಇವತ್ತಿಗೂ ಗಡದ್ದಾಗಿದೆ.

ಪಾಸಾದವರು ಹಾಳೆ ಓದುವುದಿಲ್ಲ. ಆ ಒಂದು ಪದ ಕಂಡರೆ ಸಾಕು, ನಾಲ್ಕು ಮೆಟ್ಟಿಲು ಒಟ್ಟಿಗೆ ಹಾರಿ ಇಳಿಯುತ್ತಾರೆ, ಒಬ್ಬ ಶೂ ಬಿಟ್ಟೇ ಹೋದದ್ದುಂಟು. ಓದುವವರು ಸೋತವರು ಮಾತ್ರ. ಹಾಳೆಯ ತಲೆಯಲ್ಲಿ ಒಂದು ಅಂಕಿ: ಸಾವಿರಕ್ಕೆ ಏಳುನೂರು ಬಂದರೆ ಪಾಸು. ಕೆಳಗೆ ಅಧ್ಯಾಯಕ್ಕೊಂದರಂತೆ ಐದು ಅಡ್ಡ ಗೆರೆ, ಚೆನ್ನಾಗಿ ಮಾಡಿದ್ದು ಉದ್ದ, ಎಡವಿದ್ದು ಗಿಡ್ಡ. ಯಾವ ಪ್ರಶ್ನೆ ತಪ್ಪಾಯಿತು ಎಂಬುದು ಮಾತ್ರ ಎಲ್ಲಿಯೂ ಇಲ್ಲ.

"ಅಳು ಬರೋದು ಅಂಕಿಗೆ, ಮೋಸ ಮಾಡೋದು ಗೆರೆ," ಎನ್ನುತ್ತಾರೆ ಅಕ್ಕ. "ಏಳುನೂರು ಅಂದ್ರೆ ನೂರಕ್ಕೆ ಎಪ್ಪತ್ತು ಅನ್ಕೋತಾರೆ. ಅಲ್ಲ. ಒಬ್ಬರಿಗೆ ಕಷ್ಟದ ಪ್ರಶ್ನೆಗಳು ಬಿದ್ದಿರ್ತವೆ, ಒಬ್ಬರಿಗೆ ಸುಲಭದ್ದು. ಎರಡನ್ನೂ ಒಂದೇ ತಕ್ಕಡೀಲಿ ತೂಗೋಕೆ ಮಾಡಿರೋ ಅಂಕಿ ಅದು. ಇನ್ನು ಗೆರೆ. ಗಿಡ್ಡ ಗೆರೆ ಕಂಡ ತಕ್ಷಣ ಎಲ್ಲರೂ ಅದರ ಹಿಂದೆ ಓಡ್ತಾರೆ. ಆ ಅಧ್ಯಾಯದಿಂದ ಬರೋದೇ ನಾಲ್ಕು ಪ್ರಶ್ನೆ ಆಗಿರಬಹುದು. ಇಪ್ಪತ್ತು ಪ್ರಶ್ನೆ ಬರೋ ಅಧ್ಯಾಯದ ಗೆರೆ ಮಧ್ಯಮ ಇರುತ್ತೆ, ಒಳ್ಳೆ ಹುಡುಗನ ಥರ ಕೂತಿರುತ್ತೆ. ಮುಳುಗಿಸೋದು ಅದೇ."

ಅಕ್ಕನಿಗೆ ಸರ್ವರ್ ಅಂದರೆ ಏನೆಂದು ಇವತ್ತಿಗೂ ಗೊತ್ತಿಲ್ಲ. "ಬಿಸಿಯಾಗುತ್ತಂತೆ, ತಣ್ಣಗಿಡಬೇಕಂತೆ, ಅಷ್ಟೇ," ಎನ್ನುತ್ತಾರೆ. ಪರೀಕ್ಷೆಯ ವಿಷಯ ಮಾತಾಡುವಂತೆಯೂ ಇಲ್ಲ. ಹಾಳೆಯ ಹಿಂಬದಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಹದಿನಾಲ್ಕು ಸಾಲಿನ ವಿವರಣೆ ಅಚ್ಚಾಗಿರುತ್ತದೆ. ಭೂಮಿಯ ಮೇಲೆ ಅದನ್ನು ಪೂರ್ತಿ ಓದಿದ ಏಕೈಕ ಮನುಷ್ಯಪ್ರಾಣಿ ಈಕೆ. ಅಕ್ಕ ಹೇಳುವುದು ಅಷ್ಟನ್ನೇ, ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ.

ಓದಿದ್ದಕ್ಕೂ ಕಾರಣವಿದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಬಿಳಿಕೂದಲಿನ ಒಬ್ಬರು ಹಾಳೆ ಮುಂದಿಟ್ಟು "ಏನು ಓದಲಮ್ಮ?" ಎಂದು ಕೇಳಿದರು. ಅಕ್ಕ ಸಹಜವಾಗಿ ಗಿಡ್ಡ ಗೆರೆಗೆ ಬೆರಳಿಟ್ಟರು. ಆತ ಒಂದು ತಿಂಗಳು ಅದೊಂದನ್ನೇ ಓದಿ ಬಂದರು. ಗಿಡ್ಡ ಗೆರೆ ಹಾಳೆಯ ಅಂಚಿನವರೆಗೆ ಬೆಳೆಯಿತು, ಫಲಿತಾಂಶ ಮತ್ತೆ ಫೇಲು. "ನನಗೆ ಕೈ ಮುಗಿದು ಹೋದ್ರು. ಬೈದಿದ್ರೆ ಚೆನ್ನಾಗಿತ್ತು. ಆಮೇಲೆ ಬರಲೇ ಇಲ್ಲ. ಅವತ್ತು ಕೂತು ಹಿಂದುಗಡೆ ಓದ್ದೆ."

ಮನೆಯಲ್ಲಿ ಈ ಕೆಲಸಕ್ಕೆ ಮರ್ಯಾದೆ ಅಷ್ಟಕ್ಕಷ್ಟೆ. ಗಂಡ ಕುರ್ಚಿ-ಸೋಫಾಗಳಿಗೆ ಬಟ್ಟೆ ಹೊದಿಸುವವರು. ಅವರ ಕೆಲಸ ಕಣ್ಣಿಗೆ ಕಾಣುತ್ತದೆ, ಮುಟ್ಟಿದರೆ ಮೆತ್ತಗಿರುತ್ತದೆ. ಸಂಜೆ ಬಾಗಿಲಲ್ಲೇ ಅತ್ತೆಯ ವಿಚಾರಣೆ: "ಇವತ್ತು ಎಷ್ಟು ಜನರನ್ನ ಫೇಲ್ ಮಾಡಿ ಬಂದೆ?" "ನಾನೆಲ್ಲಿ ಅತ್ತೆ, ನಾನು ಹಾಳೆ ಕೊಡೋಳು." "ಹಾಳೆ ಕೊಡೋಳು ನೀನೇ ತಾನೆ. ಎರಡು ಮಾರ್ಕು ಜಾಸ್ತಿ ಹಾಕಿ ಕೊಟ್ರೆ ನಿನ್ನ ಗಂಟೇನು ಹೋಗುತ್ತೆ?"

ಇಂಥ ಅಕ್ಕನ ಮುಂದೆ ಈ ಬೆಳಿಗ್ಗೆ ಜೇಬು ಹೊರಳಿಸಿ ನಿಂತವರಲ್ಲಿ ಗೋದಾಮಿನವರೂ ಒಬ್ಬರು. ದೊಡ್ಡ ಗೋದಾಮೊಂದರ ಕಂಪ್ಯೂಟರುಗಳನ್ನು ಇಪ್ಪತ್ತು ವರ್ಷ ಸಾಕಿದವರು, ಯಂತ್ರ ಕೆಮ್ಮಿದರೆ ಮನೆಯಲ್ಲಿ ಕೂತೇ ರೋಗ ಹೇಳಬಲ್ಲವರು. ಹೊಸ ಆಡಳಿತ ಹೇಳಿದೆ: ತಿಂಗಳ ಕೊನೆಯೊಳಗೆ ಸರ್ಟಿಫಿಕೇಟು ತನ್ನಿ, ಇಲ್ಲವೇ ಜಾಗ ಬಿಡಿ. ಮೊದಲ ಸಲ ಆರುನೂರ ಅರವತ್ತೆಂಟು. ಎರಡನೇ ಸಲ ಆರುನೂರ ತೊಂಬತ್ತಾರು. ಇದು ಮೂರನೆಯದು. ಇದೂ ಹೋದರೆ ನಿಯಮದ ಪ್ರಕಾರ ಹದಿನಾಲ್ಕು ದಿನ ಕಾಯಬೇಕು. ತಿಂಗಳಿನಲ್ಲಿ ಉಳಿದಿರುವುದು ಒಂಬತ್ತು.

ಕಳೆದ ಸಲ ಅಕ್ಕ ಅವರಿಗೆ ಗಿಳಿಗೆ ಹೇಳಿದ ಹಾಗೆ ಹೇಳಿದ್ದರು. ಹಿಂಬದಿಯಲ್ಲಿ ಬರೆದಿರುವಂತೆ ಪಠ್ಯಕ್ರಮದ ಹಾಳೆ ತರಿಸಿ, ಯಾವ ಅಧ್ಯಾಯಕ್ಕೆ ಎಷ್ಟು ಪಾಲು ಎಂದು ಗೆರೆಗಳ ಪಕ್ಕದಲ್ಲಿ ಅವರ ಕೈಯಿಂದಲೇ ಬರೆಸಿದ್ದರು. ಎರಡನೇ ಗೆರೆ, ಆ ಮಧ್ಯಮದ್ದು, ಪರೀಕ್ಷೆಯ ಮೂರರಲ್ಲೊಂದು ಪಾಲು; ಓದುವುದಾದರೆ ಮೊದಲು ಅದು.

ಹತ್ತೂವರೆಗೆ ಅವರು ಹೊರಬರುತ್ತಾರೆ. ಪ್ರಿಂಟರ್ ಗೊರಗೊರ ಅನ್ನುತ್ತದೆ. ಅಕ್ಕ ಹಾಳೆ ಕೊಡುತ್ತಾರೆ. ಅವರು ತಿರುಗಿಸುತ್ತಾರೆ.

ಆರುನೂರ ತೊಂಬತ್ತೊಂದು.

ನಾಲ್ಕು ಗೆರೆ ಬೆಳೆದಿವೆ. ಎಲ್ಲಕ್ಕಿಂತ ಗಿಡ್ಡಗಿದ್ದದ್ದು ಎಲ್ಲಕ್ಕಿಂತ ಉದ್ದವಾಗಿದೆ. ಎರಡನೆಯದು ಒಂದು ಉಗುರಿನಷ್ಟು ಕುಗ್ಗಿದೆ.

"ಎರಡನೇದು ಓದ್ಲಿಲ್ವಾ?" ಅಕ್ಕ ಮೆಲ್ಲಗೆ ಕೇಳುತ್ತಾರೆ.

"ಕೂತೆ ಅಕ್ಕ. ಪ್ರತಿದಿನ ಅದನ್ನೇ ಓದೋಣ ಅಂತಲೇ ಕೂತೆ. ಆ ಗಿಡ್ಡ ಗೆರೆ ಕಣ್ಣ ಮುಂದೆ ಬರೋದು. ಇಪ್ಪತ್ತು ವರ್ಷ ಕೆಲಸ ಮಾಡಿದೋನಿಗೆ ಇಷ್ಟೇ ಇಷ್ಟಾ ಅಂತ ನಾಚಿಕೆ ಆಗೋದು. ಮೊದಲು ಅದನ್ನ ಮುಗಿಸಿಬಿಡೋಣ ಅಂತ..."

ಗೋದಾಮಿನವರು ಹಾಳೆಯ ತಲೆಯ ಅಂಕಿಗೆ ಬೆರಳಿಡುತ್ತಾರೆ. ಬಾಗಿಲ ಮಾವ ನೆಲ ನೋಡುತ್ತಾರೆ.

"ಐದು ಅಂಕ ಇಳಿದಿದೆ. ಹಿಂದಕ್ಕೆ ಹೋದೆ ನಾನು."

"ಹಿಂದಕ್ಕಲ್ಲ. ಇದು ಬೇರೆ ಪ್ರಶ್ನೆಪತ್ರಿಕೆ. ಐದು ಅಂಕ ಅಂದ್ರೆ ಲೆಕ್ಕಕ್ಕೇ ಇಲ್ಲ, ಹಿಂದುಗಡೆ ಬರ್ದಿದೆ ನೋಡಿ."

ಅವರು ನೋಡುವುದಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟು, ಲಾಕರಿನಲ್ಲಿಟ್ಟಿದ್ದ ಸಾಮಾನು ತೆಗೆದುಕೊಂಡು ಅದರ ಕೀಲಿ ಮೇಜಿನ ಮೇಲಿಟ್ಟು, ಮೆಟ್ಟಿಲು ಒಂದೊಂದಾಗಿ ಇಳಿಯುತ್ತಾರೆ.

ಹನ್ನೊಂದಕ್ಕೆ ಕೇಂದ್ರದ ಫೋನು ಹೊಡೆದುಕೊಳ್ಳುತ್ತದೆ. ಗೋದಾಮಿನವರ ಹೆಂಡತಿ. "ಮೇಡಂ, ನಮ್ಮನೆಯವರು ಫೋನ್ ಎತ್ತುತ್ತಿಲ್ಲ. ಆಯ್ತಾ? ಈ ಸಲ ಸರಿಯಾಗಿ ಓದಿದ್ರಾ ಅವರು? ಇಲ್ಲ ಬರೀ ಪುಸ್ತಕ ಹಿಡ್ಕೊಂಡು ಕೂತಿದ್ರಾ?"

ಫಲಿತಾಂಶವನ್ನು ಪರೀಕ್ಷೆ ಬರೆದವರಿಗಲ್ಲದೆ ಇನ್ನೊಬ್ಬರಿಗೆ ಹೇಳುವಂತಿಲ್ಲ. ಕಟ್ಟಿಕೊಂಡ ಹೆಂಡತಿಗೂ ಇಲ್ಲ. ಹೇಳಿದರೆ ಅಕ್ಕನ ಕೆಲಸ ಅವತ್ತೇ ಮುಗಿಯುತ್ತದೆ.

"ಅದು ಹೇಳೋಕೆ ಬರಲ್ಲಮ್ಮ."

"ಪಾಸಾ ಫೇಲಾ ಬೇಡ. ಓದಿದ್ರಾ ಅಷ್ಟು ಹೇಳಿ."

"ಬರಲ್ಲಮ್ಮ. ನಿಯಮ."

ಆ ಕಡೆ ಫೋನು ಕಟ್ಟಾಗುತ್ತದೆ.

ಅಕ್ಕ ಫೋನು ಇಡುತ್ತಾರೆ. ಒಂದೂವರೆ ಲಕ್ಷ ಹಾಳೆ ಕೊಟ್ಟ ಮುಖ ಮೊದಲ ಬಾರಿ ಗೋಡೆಯಂತಿಲ್ಲ. "ನನ್ನ ಮಾತು ಕೇಳಿ ಕೆಟ್ಟವರು ಆ ಬಿಳಿಕೂದಲಿನವರು, ಕೇಳದೆ ಕೆಟ್ಟವರು ಇವ್ರು," ಎನ್ನುತ್ತಾರೆ ಮಾವನಿಗೆ. "ನಾನು ಇದ್ದು ಏನು ಮಾಡ್ದಂಗಾಯ್ತು?"

ಎರಡನೇ ಸರದಿಯವರು ಆಗಲೇ ಮೆಟ್ಟಿಲು ಹತ್ತುತ್ತಿದ್ದಾರೆ. ಅಕ್ಕ ಎದ್ದು ಸೆರಗು ಸರಿಮಾಡಿಕೊಳ್ಳುತ್ತಾರೆ. ನಿಮಗೇನಾದರೂ ಆಸೆಯಿದೆಯೇ ಎಂದು ಕೇಳಿದರೆ ತುಸು ಯೋಚಿಸುತ್ತಾರೆ. ಸಂಬಳ ಕೇಳುವುದಿಲ್ಲ, ಸನ್ಮಾನ ಕೇಳುವುದಿಲ್ಲ, ಲಿಫ್ಟು ಕೂಡ ಕೇಳುವುದಿಲ್ಲ.

"ಅವರ ಅಂಗಿ ಒಗೆಯೋವಾಗ ಆಯಮ್ಮ ಆ ಹಾಳೆ ಜೇಬಿನಿಂದ ತೆಗೀತಾರೆ. ತೆಗೆದೇ ತೆಗೀತಾರೆ. ಅಂಕಿ ನೋಡಿ ಬಿಸಾಡದೆ ಗೆರೆ ನೋಡ್ಲಿ. ಮನುಷ್ಯ ರಾತ್ರಿ ಹಗಲು ಓದಿದ್ದಾರೆ, ನಾಲ್ಕು ಗೆರೇಲಿ ಕಾಣುತ್ತೆ. ಅಷ್ಟು ಕಂಡ್ರೆ ಸಾಕು."