ತೊಟ್ಟಿಲಿಗೆಂದು ಎತ್ತಿಟ್ಟ ಬಣ್ಣ

ಗುಂಡ್ಲುಪೇಟೆಯ ನಮ್ಮ ಮನೆಯ ಗೇಟಿಗೆ ಮೊನ್ನೆ ಬಣ್ಣ ಹೊಡೆಸಿದೆ. ಎನಾಮಲ್ಲು, ಟರ್ಪೆಂಟೈನು ಬೆರೆತ ಆ ಘಾಟು ಮೂಗಿಗೆ ಬಡಿದದ್ದೇ ತಡ, ತೆರಕಣಾಂಬಿಯ ಮನೆಯ ನಡುಮನೆಯಲ್ಲಿ ನಿಂತಿದ್ದೆ. ಆ ಮನೆ ಈಗಿಲ್ಲ. ಅಪ್ಪ, ಅವ್ವ ಇಬ್ಬರೂ ಇಲ್ಲ. ವಾಸನೆಗೆ ಮಾತ್ರ ಇದ್ಯಾವುದೂ ಗೊತ್ತಿಲ್ಲ, ಹಾಳಾದ್ದು. ನಿಮ್ಮನ್ನೂ ಯಾವುದೋ ಒಂದು ವಾಸನೆ ಹೀಗೆ ಎಳೆದುಕೊಂಡು ಹೋಗಿರುತ್ತದೆ, ನೀವು ಬಲ್ಲಿರಿ.

ನಾನಿನ್ನೂ ಮಿಡ್ಲ್ ಸ್ಕೂಲಿನ ಹುಡುಗಿಯಾಗಿದ್ದಾಗ, ಹಂಗಳಕ್ಕೆ ಕೊಟ್ಟಿದ್ದ ಅಕ್ಕ ಚೊಚ್ಚಲ ಹೆರಿಗೆಗೆ ಬಂದಳು. ಅಪ್ಪ ಅಟ್ಟದಿಂದ ಹಳೆಯ ತೊಟ್ಟಿಲು ಇಳಿಸಿ, ಉಜ್ಜಿ, ಹಸಿರು ಬಣ್ಣದ ಒಂದೇ ಕೋಟು ಹೊಡೆದ. ಕೂಸು ಬರುವ ಮುಂಚೆ ತೊಟ್ಟಿಲನ್ನು ಪೂರ್ತಿ ಮಾಡಬಾರದು ಎಂಬುದು ನಮ್ಮ ಮನೆಯ ನಂಬಿಕೆ. ಎರಡನೆಯ ಕೋಟಿಗೆಂದು ಅರ್ಧ ಡಬ್ಬಿ ಉಳಿಸಿ, ಅದನ್ನು ಕೆಡದಂತೆ ಇಡುವುದನ್ನು ಅವ್ವನಿಗೆ ತೋರಿಸಿಕೊಟ್ಟ. ಅಂಚನ್ನು ಬಟ್ಟೆಯಲ್ಲಿ ಒರೆಸಬೇಕು, ಬಾಯಿಗೆ ಪ್ಲಾಸ್ಟಿಕ್ ಹಾಳೆ ಹಾಸಿ ಮುಚ್ಚಳ ಬಡಿಯಬೇಕು, ಆಮೇಲೆ ಡಬ್ಬಿಯನ್ನು ತಲೆಕೆಳಗು ಮಾಡಿ ಇಡಬೇಕು. "ಗಾಳಿ ಸೋಕುದ್ರ ಕೆನ ಕಟ್ಬುಡ್ತದ, ನೋಡ್ಕ," ಎಂದ. ಬಾಗಿಲಿಗೆ ಹೊಡೆದು ಉಳಿದಿದ್ದ ವಾರ್ನಿಷ್ಷನ್ನು ಬಾಟಲಿಗೆ ಸುರಿದು, ನನ್ನ ಗೋಲಿಗಳನ್ನು ಕಿತ್ತುಕೊಂಡು ಅದರೊಳಗೆ ಹಾಕಿ ಕತ್ತಿನವರೆಗೂ ಏರಿಸಿದ. ಒಳಗೆ ಗಾಳಿಗೆ ಜಾಗವೇ ಇರಬಾರದಂತೆ. ನನಗೆ ಗೋಲಿ ಹೋದದ್ದೇ ಸಂಕಟ.

ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಅಳಲಿಲ್ಲ. ಅಪ್ಪ ತೊಟ್ಟಿಲನ್ನು ಮತ್ತೆ ಅಟ್ಟಕ್ಕೇರಿಸಿದ.

ಬಣ್ಣದ ಡಬ್ಬಿಯನ್ನು ಮಾತ್ರ ಅವ್ವ ಬಿಡಲಿಲ್ಲ. ವರ್ಷವರ್ಷವೂ ಗೌರಿ ಹಬ್ಬಕ್ಕೆ ಅಕ್ಕ ಬಂದಾಗ, ಅದೇನು ಹಟವೋ, ಅವಳ ಕಣ್ಣೆದುರೇ ಮುಚ್ಚಳ ತೆಗೆಯುವಳು. ಕೆನೆ ಎತ್ತಿ ಎಸೆದು, ಹಳೇ ಸೀರೆಯ ಚೂರಿನಲ್ಲಿ ಸೋಸಿ, ಒಂದಿಷ್ಟು ಟರ್ಪೆಂಟೈನು ಬೆರೆಸಿ, ಉಳಿದದ್ದನ್ನು ಹಿಂದಿನದಕ್ಕಿಂತ ಸಣ್ಣ ಡಬ್ಬಿಗೆ ಬಗ್ಗಿಸುವಳು. "ಬರೋ ವರ್ಸಕ್ಕ ಬೇಕಾಯ್ತದ ಕಣಮ್ಮಿ," ಎನ್ನುವಳು. ಅಕ್ಕ ತೆಂಗಿನಕಾಯಿ ತುರಿಯುತ್ತ, ತಲೆ ಎತ್ತದೆ ಹೂಂಗುಟ್ಟುವಳು. ಅವಳು ಮತ್ತೆ ಬಸಿರಾಗಲೇ ಇಲ್ಲ; ದೇವರುಗಳೂ ಡಾಕ್ಟರುಗಳೂ ಆಗಲೇ ಮುಗಿದಿದ್ದರು. ಗಾಯಕ್ಕೆ ಉಪ್ಪು ಸವರುವುದೆಂದರೆ ಇನ್ನೇನು? ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ಆದರೆ ಸಾಕು ಬಿಡು ಎಂದು ಅವ್ವನಿಗೆ ಹೇಳುವ ಎದೆ ಯಾರಿಗೂ ಇರಲಿಲ್ಲ. ಅಪ್ಪ ತೀರಿಕೊಂಡ. ಅಕ್ಕನ ಬೈತಲೆಯ ಬದಿಗೆ ಬೆಳ್ಳಿ ಕೂದಲು ಬಂತು. ಬಣ್ಣ ಕಾಫಿಪುಡಿಯ ಡಬ್ಬಿಗಿಳಿಯಿತು, ಅಲ್ಲಿಂದ ಕುಂಕುಮದ ಡಬ್ಬಿಗೆ. ತೊಟ್ಟಿಲಿನ ಒಂದು ಪಟ್ಟಿಗೂ ಅದು ಸಾಲುತ್ತಿರಲಿಲ್ಲ.

ಕೊನೆಯ ಸಲ ಅವ್ವ ಸೋಸಿ ಮುಗಿಸಿ ಮುಚ್ಚಳ ಎತ್ತಿಕೊಂಡಾಗ, ಅಕ್ಕ ಎದ್ದು ಬಂದು ಅವಳ ಮಣಿಕಟ್ಟು ಹಿಡಿದಳು.

"ನಂಗ ಮುಟ್ಟು ನಿಂತೋಯ್ತು ಕಣವ್ವ. ಒಣಗ್ಲಿ ಬುಡು."

ಅಕ್ಕ ಮುಚ್ಚಳವನ್ನು ಅವ್ವನ ಬೆರಳುಗಳಿಂದ ಬಿಡಿಸಿ ನನಗೆ ಕೊಟ್ಟು, ಮತ್ತೆ ಒಲೆಯ ಮುಂದೆ ಹೋಗಿ ಕೂತಳು. ಡಬ್ಬಿ ಕಿಟಕಿಯಲ್ಲಿ ಬಾಯಿ ತೆರೆದುಕೊಂಡೇ ಇತ್ತು. ಸಂಜೆಯ ಹೊತ್ತಿಗೆ ಕೆನೆ ಕಟ್ಟಿತು.

ಮಾರನೆಯ ದಿನ ಅಕ್ಕ ಹಂಗಳದ ಬಸ್ಸು ಹತ್ತಿ ಹೋದ ಮೇಲೆ ಅವ್ವ ಕಿಟಕಿಯ ಹತ್ತಿರ ಹೋಗಿ, ಬಣ್ಣವನ್ನು ಬೆರಳಿನಿಂದ ಮೆಲ್ಲಗೆ ಅದುಮಿ ನೋಡಿದಳು.

"ಒಳ್ಗ ಇನ್ನೂ ಹಸಿ ಅದ ಕಣಮ್ಮಿ," ಎಂದಳು ನನಗೆ.

ಮುಚ್ಚಳ ನನ್ನ ಹತ್ತಿರವೇ ಇತ್ತು. ಅವಳು ಕೇಳಲಿಲ್ಲ, ನಾನು ಕೊಡಲೂ ಇಲ್ಲ.