ವೆಂಕೋಬರಾಯರ ಚಳಿಗಾಲ
ಡಿಸೆಂಬರ್ ಬಂತೆಂದರೆ ಹೈದರಾಬಾದಿನ ಮೆಹದಿಪಟ್ಟಣಂನ ನಿವೃತ್ತ ಗುಮಾಸ್ತ ವೆಂಕೋಬರಾಯರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಾಲೋನಿಯಲ್ಲಿ ಯಾರೇ ಗ್ಯಾಸ್ ಹೀಟರ್ ತಂದರೂ ಸಾಬೂನು ನೀರಿನೊಂದಿಗೆ ಹಾಜರಾಗಿ, ಪೈಪಿಗೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವರು. ಹೀಟರನ್ನು ಪರದೆಯಿಂದ ದೂರ ಸರಿಸುವರು. ಕೊಟ್ಟ ಚಹಾ ಆರುವ ಮೊದಲೇ ಕಿಟಕಿ ತೆರೆದು ಮುಂದಿನ ಮನೆಗೆ ಓಡುವರು. ಒಂದು ದಿನ ಅದೇ ಕಾಲೋನಿಯ ಸುಂದರಾಬಾಯಿ ಮಾತ್ರ ಮಗಳ ಬಾಣಂತಿ ಕೋಣೆಯ ಬಾಗಿಲಿಗೆ ಅಡ್ಡ ನಿಂತರು. “ಕಿಟಕಿ ತೆಗದ್ರ ಕೂಸಿಗೆ ಥಂಡಿ ಆಗ್ತದ್ರಿ!” “ಹಂಗಾರ ಹೀಟರ್ ಆರಸ್ರಿ. ಗಾಳಿ ಕೆಟ್ಟದ್ದು ಗೊತ್ತೂ ಆಗೂದಿಲ್ಲ.” “ನಿಮಗ್ಯಾಕ್ರೀ ಇಷ್ಟು ಚಿಂತಿ?” ರಾಯರು ಅಂದು ಮೊದಲ ಬಾರಿಗೆ ಕುಳಿತರು. “ನಾ ಒಂಬತ್ತು ದಿನದ ಕೂಸು. ನನ್ನ ಎಣ್ಣಿ ಹಚ್ಚಲಿಕ್ಕೆ ಹೊರಗ ಒಯ್ದಿದ್ರಂತ. ಅವ್ವ ಮಲಗಿದ್ದ ಮುಚ್ಚಿದ ಕೋಣ್ಯಾಗ ಕೆಂಡದ ಶಗಡಿ ಇಟ್ಟಿದ್ರು. ತಿರುಗಿ ಬರೂದ್ರಾಗ ಅವ್ವ ಹೋಗಿಬಿಟ್ಟಿದ್ಲು.” ಸುಂದರಾಬಾಯಿ ಒಳಹೋಗಿ ಹೀಟರ್ ಆರಿಸಿ, ಮಗಳಿಗೆ ಇನ್ನೊಂದು ಕೌದಿ ಹೊದಿಸಿದರು.